'ಪರವಾಗಿಲ್ಲ' ಅಂದಮಾತ್ರಕ್ಕೆ ಮುಗಿದುಹೋಯ್ತಾ?

ಫಸ್ಟ್ ಪಿಯುನಲ್ಲಿ ನನ್ನ ಮ್ಯಾಥ್ಸ್ ಪೇಪರ್‌ನ ಟೋಟಲ್ ತಪ್ಪಾಗಿತ್ತು. ಒಂದು ಪುಟದ ಹತ್ತು ಮಾರ್ಕ್ಸ್ ಸೇರಿಸೋದೇ ಬಿಟ್ಟುಹೋಗಿತ್ತು. ತೋರಿಸಿದ ತಕ್ಷಣ ಸರ್ ಇಡೀ ಕ್ಲಾಸ್ ಮುಂದೆ "ನಂದೇ ತಪ್ಪು ಕಣಪ್ಪಾ, ಸಾರಿ" ಅಂದರು. ಲೆಕ್ಚರರ್ ಒಬ್ಬರು ಸ್ಟೂಡೆಂಟ್ ಹತ್ರ ಸಾರಿ ಕೇಳಿದ್ದನ್ನ ನಾನು ನೋಡಿದ್ದು ಅದೇ ಮೊದಲು. ನನಗೇ ಮುಜುಗರ ಆಗಿ "ಪರವಾಗಿಲ್ಲ ಸರ್" ಅಂದುಬಿಟ್ಟೆ. ಆಮೇಲೆ ಗೊತ್ತಾಯ್ತು, ಮಾರ್ಕ್ಸ್ ಆಗಲೇ ಆಫೀಸಿಗೆ ಹೋಗಿದೆ, ಸೆಕ್ಷನ್ ಲಿಸ್ಟ್ ರೆಡಿಯಾಗಿದೆ, ಇನ್ನು ಬದಲಾಯಿಸೋಕೆ ಆಗಲ್ಲ ಅಂತ. ಆ ಹತ್ತು ಮಾರ್ಕ್ಸ್ ಇಲ್ಲದೆ ನಾನು ಬೇರೆ ಸೆಕ್ಷನ್‌ಗೆ ಹೋದೆ. ಬೇಜಾರು ಮಾಡ್ಕೊಂಡು ಕೂತಿದ್ದಾಗ ಫ್ರೆಂಡ್ಸ್ ಹೇಳಿದ್ದು ಒಂದೇ ಮಾತು: "ಅಷ್ಟು ದೊಡ್ಡೋರು ಸಾರಿ ಕೇಳಿದ್ರಲ್ಲೋ, ಇನ್ನೇನ್ ಬೇಕು ನಿಂಗೆ?"

ಆವತ್ತು ಉತ್ತರ ಹೊಳೀಲಿಲ್ಲ. ಮೂರು ವರ್ಷ ಆದಮೇಲೆ, ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋದು ಬಿಟ್ಟು ನೋಡ್ತಿದ್ದ ಒಂದು ಬೇಸ್‌ಬಾಲ್ ವಿಡಿಯೋದಲ್ಲಿ ಸಿಕ್ಕಿತು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ಒಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲಿ ಮೂರು ಔಟ್, ಅಂದರೆ ಒಟ್ಟು 27 ಔಟ್. ಪಿಚರ್ ಅಂದರೆ ನಮ್ಮ ಬೌಲರ್ ಥರ. ಒಬ್ಬನೇ ಪಿಚರ್ ಶುರುವಿನಿಂದ ಕೊನೆವರೆಗೆ ಎಸೆದು, ಬಂದ 27 ಜನರಲ್ಲಿ ಒಬ್ಬನೂ ಫಸ್ಟ್ ಬೇಸ್ ತಲುಪದ ಹಾಗೆ ಔಟ್ ಮಾಡಿದರೆ ಅದು ಪರ್ಫೆಕ್ಟ್ ಗೇಮ್. ಸ್ವಂತ ತಂಡದ ಫೀಲ್ಡರ್ ಒಬ್ಬ ಬಾಲ್ ಕೈಬಿಟ್ಟು ಯಾರಾದರೂ ಬೇಸ್ ತಲುಪಿದರೂ ಹೋಯ್ತು. ಅದಕ್ಕೇ ಅದು ಅಷ್ಟು ಅಪರೂಪ. 2010ರ ಮೇ ತಿಂಗಳು ಮುಗಿಯೋ ಹೊತ್ತಿಗೆ ಮೇಜರ್ ಲೀಗ್‌ನ ಇಡೀ ಇತಿಹಾಸದಲ್ಲಿ ಆಗಿದ್ದು ಬರೀ 20.

2010ರ ಜೂನ್ 2. ಡೆಟ್ರಾಯಿಟ್ ಟೈಗರ್ಸ್ ತಂಡದ ಪಿಚರ್ ಅರ್ಮಾಂಡೋ ಗಲರಾಗಾ, ವೆನೆಜುವೆಲಾದವನು, ಕ್ಲೀವ್‌ಲ್ಯಾಂಡ್ ವಿರುದ್ಧ ಆಡ್ತಿದ್ದ. ದೊಡ್ಡ ಸ್ಟಾರ್ ಏನಲ್ಲ. ಕೆಲವೇ ವಾರ ಹಿಂದೆ ಕೆಳಗಿನ ಲೀಗ್‌ನಿಂದ ಮತ್ತೆ ಮೇಲೆ ಬಂದಿದ್ದ. ಅಂಥವನು 26 ಜನರನ್ನ ಸಾಲಾಗಿ ಔಟ್ ಮಾಡಿದ್ದ. ಕೊನೇ ಇನ್ನಿಂಗ್ಸ್‌ನ ಮೊದಲ ಹೊಡೆತ ದೂರ ಹೋದಾಗ, ಆಸ್ಟಿನ್ ಜಾಕ್ಸನ್ ಹಿಂದಕ್ಕೆ ಓಡಿ ಓಡಿ ಹಿಡಿದ ಕ್ಯಾಚ್ ನೋಡಬೇಕು ನೀವು! ಉಳಿದದ್ದು ಒಂದೇ ಔಟ್.

27ನೇ ಬ್ಯಾಟರ್ ಜೇಸನ್ ಡೊನಾಲ್ಡ್ ನೆಲದ ಮೇಲೆ ಹೊಡೆದು ಫಸ್ಟ್ ಬೇಸ್ ಕಡೆ ಓಡಿದ. ಮಿಗೆಲ್ ಕಬ್ರೆರಾ ಬಾಲ್ ಹಿಡಿದು, ಬೇಸ್ ಕಡೆ ಓಡಿ ಬರ್ತಿದ್ದ ಗಲರಾಗಾಗೆ ಎಸೆದ. ಗಲರಾಗಾ ಬಾಲ್ ಹಿಡಿದು ಬೇಸ್ ತುಳಿದ. ನಮ್ಮ ರನ್‌ಔಟ್ ಥರಾನೇ, ಬಾಲ್ ಮೊದಲಾ ಓಡೋನು ಮೊದಲಾ ಅನ್ನೋದಷ್ಟೇ ಪ್ರಶ್ನೆ. ರೀಪ್ಲೇನಲ್ಲಿ ಯಾವ ಡೌಟೂ ಇಲ್ಲ, ಬಾಲ್ ಮೊದಲು. ಆದರೆ ಪಕ್ಕದಲ್ಲೇ ನಿಂತಿದ್ದ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ 'ಸೇಫ್' ಅಂದರು. ಇಂಥ ನಿರ್ಧಾರವನ್ನ ರೀಪ್ಲೇ ನೋಡಿ ಬದಲಾಯಿಸೋ ನಿಯಮ ಆಗ ಇರಲಿಲ್ಲ.

ಗಲರಾಗಾ ಕೂಗಾಡಲಿಲ್ಲ. ಒಂದು ಸಣ್ಣ ನಗು ನಕ್ಕ, ವಾಪಸ್ ತನ್ನ ಜಾಗಕ್ಕೆ ಹೋದ, ಮುಂದಿನ ಬ್ಯಾಟರನ್ನ ಔಟ್ ಮಾಡಿ ಮ್ಯಾಚ್ ಮುಗಿಸಿದ. ಟೈಗರ್ಸ್ 3-0ರಿಂದ ಗೆದ್ದರು.

ಮ್ಯಾಚ್ ಆದಮೇಲೆ ವಿಡಿಯೋ ನೋಡಿದ ಜಾಯ್ಸ್ ಕುಸಿದುಹೋದರು. 'ಬೆಳಕು ಸರಿ ಇರಲಿಲ್ಲ', 'ಸೌಂಡ್ ಜಾಸ್ತಿ ಇತ್ತು' ಅಂತ ಏನೂ ಹೇಳಲಿಲ್ಲ. ಆ ಹುಡುಗನ ಪರ್ಫೆಕ್ಟ್ ಗೇಮ್ ಹೋಗಿದ್ದು ನನ್ನಿಂದ ಅಂತ ರಿಪೋರ್ಟರ್‌ಗಳ ಎದುರೇ ಒಪ್ಪಿಕೊಂಡರು. ಗಲರಾಗಾನ ಭೇಟಿಯಾಗಿ ಅಳ್ತಾ ಸಾರಿ ಕೇಳಿದರು. ಅವನು ತಬ್ಬಿಕೊಂಡ. ಮಾರನೇ ದಿನ ಅದೇ ಮೈದಾನದಲ್ಲಿ, ತಂಡದ ಪಟ್ಟಿಯನ್ನ ಅಂಪೈರ್ ಕೈಗೆ ಕೊಡೋಕೆ ಗಲರಾಗಾನೇ ಬಂದ. ಇಸ್ಕೊಳ್ಳೋಕೆ ನಿಂತಿದ್ದವರು ಜಾಯ್ಸ್. ಅವರು ಕಣ್ಣು ಒರೆಸಿಕೊಳ್ಳೋದನ್ನ ಇಡೀ ಸ್ಟೇಡಿಯಂ ನೋಡಿತು.

ವಿಡಿಯೋ ಇಲ್ಲಿಗೆ ಮುಗಿಯುತ್ತೆ. ಕೆಳಗೆ ಕಾಮೆಂಟ್‌ಗಳ ತುಂಬ ಕಣ್ಣೀರು. ನನಗೂ ಗಂಟಲು ಕಟ್ಟಿತ್ತು, ಸುಳ್ಳು ಹೇಳಲ್ಲ. ಆದರೆ ಆಮೇಲೆ ಒಂದು ಪ್ರಶ್ನೆ ಬಂತು: ಸರಿ, ರೆಕಾರ್ಡ್ ಏನಾಯ್ತು?

ಏನೂ ಆಗಲಿಲ್ಲ. ಆಗಿನ ಕಮಿಷನರ್ ಬಡ್ ಸೆಲಿಗ್ ನಿರ್ಧಾರ ಬದಲಾಯಿಸಲಿಲ್ಲ. ಇಂಥ ತಪ್ಪು ಇನ್ನು ಆಗಬಾರದು ಅಂತ 2014ರಿಂದ ಔಟ್-ಸೇಫ್ ನಿರ್ಧಾರಗಳಿಗೂ ರೀಪ್ಲೇ ಬಂತು. ಮುಂದಿನವರಿಗೆಲ್ಲ ನ್ಯಾಯ ಸಿಕ್ಕಿತು. ಗಲರಾಗಾ ಹೆಸರಿನ ಮುಂದೆ ಮಾತ್ರ ಇವತ್ತಿಗೂ ಒಂದು ಹಿಟ್ ಇದೆ.

ನನ್ನ ಅಭಿಪ್ರಾಯ ನೇರ: ಅದನ್ನ ಪರ್ಫೆಕ್ಟ್ ಗೇಮ್ ಅಂತ ಬರೆಯಬೇಕು. ಇದನ್ನ ರೂಮ್‌ಮೇಟ್ ಹತ್ರ ಹೇಳಿದಾಗ ಅವನು ಮೂರು ಪಾಯಿಂಟ್ ಹಾಕಿದ.

ಮೊದಲನೇದು, ಒಂದನ್ನ ಬದಲಾಯಿಸಿದರೆ ಹಳೇ ತಪ್ಪುಗಳನ್ನೆಲ್ಲ ಬದಲಾಯಿಸಬೇಕಾಗುತ್ತೆ. ಇಲ್ಲ. ಮಧ್ಯದಲ್ಲಿ ಆದ ತಪ್ಪನ್ನ ತಿದ್ದಿದರೆ ಆಮೇಲೆ ಏನಾಗ್ತಿತ್ತೋ ಯಾರಿಗೂ ಗೊತ್ತಿಲ್ಲ, ನಿಜ. ಆದರೆ ಇದು ಕೊನೇ ಔಟ್. ಅದಾದಮೇಲೆ ಬಂದವನೂ ಔಟ್. ತಿದ್ದಿದರೆ ಸ್ಕೋರೂ ಬದಲಾಗಲ್ಲ, ಗೆದ್ದವರೂ ಬದಲಾಗಲ್ಲ. ಡೊನಾಲ್ಡ್‌ಗೆ ಒಂದು ಹಿಟ್ ಕಡಿಮೆ ಆಗುತ್ತೆ, ಅಷ್ಟೇ.

ಎರಡನೇದು, ಅಂಪೈರ್ ಮಾತೇ ಕೊನೆ, ರೆಕಾರ್ಡ್ ಬುಕ್ ಮುಟ್ಟಬಾರದು. ಆದರೆ ಮುಟ್ಟಿದ್ದಾರಲ್ಲ! 1983ರಲ್ಲಿ ಜಾರ್ಜ್ ಬ್ರೆಟ್ ಹೋಮ್ ರನ್ ಹೊಡೆದ. ಬ್ಯಾಟ್‌ಗೆ ಹಚ್ಚಿದ ಅಂಟು ಜಾಸ್ತಿ ಆಯ್ತು ಅಂತ ಅಂಪೈರ್‌ಗಳು ಔಟ್ ಕೊಟ್ಟು ಮ್ಯಾಚ್ ಮುಗಿಸಿದರು. ಲೀಗ್ ಅಧ್ಯಕ್ಷ ಲೀ ಮೆಕ್‌ಫೇಲ್ ಅದನ್ನ ರದ್ದು ಮಾಡಿ, ಮೂರು ವಾರದ ಮೇಲೆ ಅದೇ ಮ್ಯಾಚ್ ಮುಂದುವರಿಸಿದರು. ಅದು ರೂಲ್ ಅರ್ಥ ಮಾಡಿಕೊಂಡಿದ್ದರಲ್ಲಿ ಆದ ತಪ್ಪು, ಇದು ಕಣ್ಣಿನ ತಪ್ಪು ಅಂತೀರಾ? ಒಪ್ಪಿದೆ. ಹಾಗಾದರೆ 2024 ನೋಡಿ. ಕಪ್ಪು ಆಟಗಾರರನ್ನ ಹೊರಗಿಟ್ಟಿದ್ದ ಕಾಲದಲ್ಲಿ ಅವರು ಆಡ್ತಿದ್ದ ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನ ಮೇಜರ್ ಲೀಗ್ ಅಧಿಕೃತ ದಾಖಲೆಗೆ ಸೇರಿಸಿತು. 1947ರಲ್ಲೇ ತೀರಿಕೊಂಡಿದ್ದ ಜೋಶ್ ಗಿಬ್ಸನ್ .372 ಸರಾಸರಿಯಲ್ಲಿ ಟೈ ಕಾಬ್‌ನ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದ. ಆ ಅನ್ಯಾಯಕ್ಕೂ ಈ ತಪ್ಪಿಗೂ ಹೋಲಿಕೆಯೇ ಇಲ್ಲ, ಗೊತ್ತು. ನಾನು ಹೇಳ್ತಿರೋದು ಇಷ್ಟೇ: ಮನಸ್ಸು ಮಾಡಿದರೆ ಪುಸ್ತಕ ತಿದ್ದೋಕೆ ಬರುತ್ತೆ.

ಮೂರನೇದು, ಅವನೇ ಕ್ಷಮಿಸಿದ್ದಾನಲ್ಲ, ತಿದ್ದಿದರೆ ಕಥೆಯ ಚೆಂದವೇ ಹೋಗುತ್ತೆ. ಇದಕ್ಕೇ ನನಗೆ ಸಿಟ್ಟು ಬರೋದು. ಚೆಂದದ ಕಥೆ ನಮಗೆ, ನಷ್ಟ ಅವನಿಗೆ. 2020ರಲ್ಲಿ, ಹತ್ತು ವರ್ಷ ಆದಮೇಲೆ, ಗಲರಾಗಾ ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ, ಆ ಪರ್ಫೆಕ್ಟ್ ಗೇಮ್ ನನಗೆ ಬೇಕು ಅಂತ. ಕೊಡಬೇಕು ಅಂತ ಜಾಯ್ಸ್ ಕೂಡ ಹೇಳಿದರು. ತಪ್ಪು ಮಾಡಿದವರೂ, ಕಳಕೊಂಡವನೂ ಇಬ್ಬರೂ ಒಂದೇ ಮಾತು ಹೇಳ್ತಿದ್ದಾರೆ. 2022ರಲ್ಲಿ ಅಮೆರಿಕದ ಮಾನ್‌ಮೌತ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ನಮ್ಮಂಥವರೇ, ಇದೇ ಬೇಡಿಕೆ ಇಟ್ಟು ಲೀಗ್‌ಗೆ ಮನವಿ ಕೊಟ್ಟರು. ಆದರೂ ಬದಲಾಗಲಿಲ್ಲ.

ಕ್ಷಮಿಸೋದು ಅಂದರೆ 'ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ' ಅಂತ. 'ನನ್ನದು ನನಗೆ ವಾಪಸ್ ಬೇಡ' ಅಂತ ಅಲ್ಲ. ಇವೆರಡನ್ನ ನಾವು ಬೇಕಂತಲೇ ಒಂದು ಮಾಡ್ಕೊಳ್ತೀವಿ ಅನ್ಸುತ್ತೆ, ಯಾಕಂದರೆ ಆಗ ಕೆಲಸ ಉಳಿಯುತ್ತೆ.

ಇಷ್ಟೆಲ್ಲ ಭಾಷಣ ಮಾಡಿದವನ ಕಥೆ ಕೇಳಿ. ಹೋದ ತಿಂಗಳು ಒಂದು ಕ್ವಿಜ್‌ಗೆ ಸ್ಕೋರ್ ಬರೆದವನು ನಾನೇ. ರಿಸಲ್ಟ್ ಇನ್‌ಸ್ಟಾದಲ್ಲಿ ಹಾಕಿ, ಸರ್ಟಿಫಿಕೇಟ್ ಕೊಟ್ಟಮೇಲೆ ಜೂನಿಯರ್ ಹುಡುಗಿಯೊಬ್ಬಳು ಬಂದು ಒಂದು ರೌಂಡ್‌ನ ಅಂಕ ಸೇರಿಲ್ಲ ಅಂತ ತೋರಿಸಿದಳು. ನೋಡಿದರೆ ಹೌದು. ಮೂರನೇ ಸ್ಥಾನ ಅವಳದು. ಸಾರಿ ಕೇಳಿದೆ. "ಪರವಾಗಿಲ್ಲ ಅಣ್ಣಾ" ಅಂದಳು. ಉಸಿರು ಬಿಟ್ಟೆ, ಬದುಕಿದೆ ಅಂತ. ಎರಡು ಹೆಜ್ಜೆ ಹೋದಮೇಲೆ ನನ್ನದೇ ದನಿ ಕೇಳಿದ ಹಾಗಾಯ್ತು.

ಪೋಸ್ಟ್ ತೆಗೆದು, ತಪ್ಪು ನನ್ನದು ಅಂತ ಬರೆದು, ಹೊಸ ರಿಸಲ್ಟ್ ಹಾಕಿದೆವು. ಅವಳಿಗೆ ಸರ್ಟಿಫಿಕೇಟ್ ಕೊಟ್ಟೆವು. ಮೂರನೇ ಸ್ಥಾನ ಕಳಕೊಂಡ ಹುಡುಗ ಈಗಲೂ ಕಾರಿಡಾರ್‌ನಲ್ಲಿ ಮುಖ ತಿರುಗಿಸ್ತಾನೆ. ಅವನ ಸಿಟ್ಟೂ ನ್ಯಾಯವೇ. ಗಲರಾಗಾ ವಿಷಯದಲ್ಲಿ ಹೀಗೆ ಮುಖ ತಿರುಗಿಸೋರೂ ಯಾರೂ ಇಲ್ಲ. ಆದರೂ ಹದಿನೈದು ವರ್ಷ ದಾಟಿತು.

ಮುಂದಿನ ಸಲ ನಿಮಗೆ ಯಾರಾದರೂ 'ಪರವಾಗಿಲ್ಲ' ಅಂದರೆ ಖುಷಿಪಡಿ, ತಪ್ಪೇನಿಲ್ಲ. ಆಮೇಲೆ ಒಂದು ಸಲ ಎಕ್ಸೆಲ್ ಶೀಟ್ ಓಪನ್ ಮಾಡಿ ನೋಡಿ. ಒಪ್ಪದವರು ಕ್ಯಾಂಟೀನ್‌ನಲ್ಲಿ ಸಿಗಿ, ಜಗಳ ಆಡೋಣ. ಟೀ ನನ್ನ ಲೆಕ್ಕ, ಟೋಟಲ್ ಮಾತ್ರ ನೀವೇ ಮಾಡಿ.