ಸ್ಕೂಟರಿಗೆ ಹೊಸ ಟೈರು: ಉಳಿತಾಯ ಯಾವುದು, ಅಪವ್ಯಯ ಯಾವುದು?

ಮಲೆನಾಡಿನ ಹಳ್ಳಿಗಳಲ್ಲಿ ಸ್ಕೂಟರು ಇಂದು ಮನೆಮಂದಿಯೆಲ್ಲರ ವಾಹನ. ದಿನಕ್ಕೆರಡು ಬಾರಿ ಮಾತ್ರ ಬಸ್ಸು ಬರುವ ಊರುಗಳಿಂದ ಡೇರಿಗೆ ಹಾಲು, ಕಾಲೇಜಿಗೆ ಮಕ್ಕಳು, ಆಸ್ಪತ್ರೆಗೆ ಹಿರಿಯರು ಹೋಗುವುದು ಇದರ ಮೇಲೆಯೇ. ಈ ಅವಲಂಬನೆ ಎಷ್ಟು ಸರಿ ಎಂಬುದು ಬೇರೆಯೇ ಚರ್ಚೆ. ಆದರೆ ಅವಲಂಬನೆ ಇರುವವರೆಗೆ, ಅದರ ಎರಡು ಟೈರುಗಳನ್ನು ಯಾವಾಗ ಬದಲಿಸಬೇಕು, ಎಂಥದನ್ನು ಕೊಳ್ಳಬೇಕು, ಹಳೆಯದನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳು ಕೇವಲ ಗ್ಯಾರೇಜಿನ ಪ್ರಶ್ನೆಗಳಲ್ಲ. ಅವು ಸವಾರನ ಜೀವಕ್ಕೂ ಊರಿನ ಹಳ್ಳದ ನೀರಿಗೂ ಸಂಬಂಧಿಸಿದವು.

ಇದ್ದದ್ದನ್ನು ಪೂರ್ತಿ ಬಳಸಬೇಕು, ಹೊಸದನ್ನು ಕೊಳ್ಳುವುದನ್ನು ಆದಷ್ಟು ಮುಂದೂಡಬೇಕು ಎಂಬುದು ಪರಿಸರ ಚಳವಳಿಯ ಹಳೆಯ ಪಾಠ. ಬಟ್ಟೆಗೆ, ಪಾತ್ರೆಗೆ, ಪುಸ್ತಕಕ್ಕೆ ಈ ಪಾಠ ಒಪ್ಪುತ್ತದೆ. ಟೈರಿಗೆ ಮಾತ್ರ ಒಪ್ಪುವುದಿಲ್ಲ. ನೂಲು ಕಾಣುವವರೆಗೆ ಟೈರನ್ನು ಓಡಿಸುವುದು ಮಿತವ್ಯಯವಲ್ಲ, ಅಪಾಯವನ್ನು ಸಾಲ ತಂದಂತೆ. ಟೈರಿನ ವಿಷಯದಲ್ಲಿ ನಿಜವಾದ ಮಿತವ್ಯಯ ಇರುವುದು ಸರಿಯಾದ ಆಯ್ಕೆಯಲ್ಲಿ, ಗಾಳಿಯ ಒತ್ತಡದಲ್ಲಿ ಮತ್ತು ಹಳೆಯ ಟೈರಿನ ವಿಲೇವಾರಿಯಲ್ಲಿ.

ಸವೆತದ ಮಿತಿ

ಟೈರಿನ ಮೈಮೇಲಿನ ಗೀರುಗಳು ಅಲಂಕಾರಕ್ಕಾಗಿ ಇರುವುದಲ್ಲ. ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ಸರಿಸಿ, ರಬ್ಬರು ಡಾಂಬರನ್ನು ನೇರವಾಗಿ ಮುಟ್ಟುವಂತೆ ಮಾಡುವುದು ಅವುಗಳ ಕೆಲಸ. ಗೀರು ಸವೆದಂತೆ ನೀರಿನ ತೆಳುಪದರ ನಡುವೆ ಉಳಿಯುತ್ತದೆ, ಬ್ರೇಕು ಹಿಡಿದರೂ ವಾಹನ ನಿಲ್ಲದು. ದ್ವಿಚಕ್ರ ವಾಹನಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವ ಕನಿಷ್ಠ ಗೀರಿನ ಆಳ 0.8 ಮಿ.ಮೀ. ಇದು ಕಾನೂನಿನ ಕೊನೆಯ ಗೆರೆಯೇ ಹೊರತು ಮಳೆಗಾಲದ ಸುರಕ್ಷತೆಯ ಗೆರೆಯಲ್ಲ. ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ, 14 ಕಡಿದಾದ ತಿರುವುಗಳ ಘಾಟಿಯನ್ನು ಇಳಿಯುವವರು ಈ ಗೆರೆಯವರೆಗೆ ಕಾಯುವುದು ವಿವೇಕವಲ್ಲ. ಗೀರುಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರಿನ ಮೈ ಆ ಉಬ್ಬಿನ ಮಟ್ಟಕ್ಕೆ ಸವೆಯುವ ಮೊದಲೇ, ಮೇ ತಿಂಗಳಲ್ಲಿ, ಬದಲಾವಣೆ ಮುಗಿದಿರಬೇಕು.

ಹಿಂದಿನ ಟೈರು ಮೊದಲು ಸವೆಯುವುದು ಸಹಜ. ಎಂಜಿನಿನ ಭಾರ, ಹಿಂಬದಿ ಸವಾರನ ಭಾರ ಮತ್ತು ಎಳೆತ ಮೂರೂ ಅದರ ಮೇಲೆಯೇ ಬೀಳುತ್ತವೆ. ಚಕ್ರ ಚಿಕ್ಕದಾದಷ್ಟೂ ಸುತ್ತುಗಳೂ ಹೆಚ್ಚು. 10 ಅಂಗುಲ ರಿಮ್ಮಿನ ಸಾಮಾನ್ಯ ಟೈರು ಒಂದು ಕಿಲೋಮೀಟರಿಗೆ ಸುಮಾರು 730 ಸುತ್ತು ಸುತ್ತಿದರೆ, 12 ಅಂಗುಲದ್ದು ಸುಮಾರು 680 ಸುತ್ತು ಸುತ್ತುತ್ತದೆ. ಹಿಂದೆ ಸವೆದ ಟೈರನ್ನು ಮುಂದಕ್ಕೆ ಹಾಕಿ ಕಾಲ ತಳ್ಳುವ ರೂಢಿ ಕೆಲವೆಡೆ ಇದೆ. ಬ್ರೇಕು ಹಿಡಿದಾಗ ವಾಹನದ ಭಾರ ಮುಂದಿನ ಚಕ್ರಕ್ಕೆ ವಾಲುವುದರಿಂದ ಈ ರೂಢಿ ಅತ್ಯಂತ ಅಪಾಯಕಾರಿ.

ಟೈರಿನ ಪಕ್ಕೆಯನ್ನು ಓದುವುದು

ಅಂಗಡಿಯವರು ಕೊಟ್ಟದ್ದನ್ನು ತರುವ ಬದಲು ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದಲು ವಿದ್ಯಾರ್ಥಿಗಳು ಮನೆಯವರಿಗೆ ಕಲಿಸಬಹುದು. 90/100-10 53ಜೆ ಎಂದಿದ್ದರೆ ಅಗಲ 90 ಮಿ.ಮೀ., ಪಕ್ಕೆಯ ಎತ್ತರ ಅಗಲದ ಶೇ. 100, ರಿಮ್ಮಿನ ವ್ಯಾಸ 10 ಅಂಗುಲ. 53 ಎಂಬುದು 206 ಕಿಲೋ ಭಾರದ ಸಾಮರ್ಥ್ಯವನ್ನೂ, ಜೆ ಎಂಬುದು ಗಂಟೆಗೆ 100 ಕಿ.ಮೀ. ವೇಗದ ಮಿತಿಯನ್ನೂ ಸೂಚಿಸುತ್ತದೆ. ಅಳತೆ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಅಗಲವಾದ ಟೈರು ಹೆಚ್ಚು ಹಿಡಿತ ಕೊಡುತ್ತದೆಂಬ ನಂಬಿಕೆಯಿಂದ ಅಳತೆ ಬದಲಿಸಿದರೆ ಅದು ಮಡ್‌ಗಾರ್ಡಿಗೆ ಉಜ್ಜಬಹುದು, ತಿರುವಿನಲ್ಲಿ ವಾಹನದ ನಡೆಯೂ ಕೆಡಬಹುದು.

ನಾಲ್ಕು ಅಂಕಿಗಳ ಇನ್ನೊಂದು ಸಂಖ್ಯೆ ತಯಾರಿಕೆಯ ದಿನಾಂಕ. 2324 ಎಂದರೆ 2024ನೇ ವರ್ಷದ 23ನೇ ವಾರ. ರಬ್ಬರು ಗೋದಾಮಿನಲ್ಲಿ ಕುಳಿತರೂ ಮುಪ್ಪಾಗುತ್ತದೆ, ಗಡುಸಾಗುತ್ತದೆ. ರಿಯಾಯಿತಿಗೆ ಸಿಕ್ಕಿತೆಂದು ಮೂರು ನಾಲ್ಕು ವರ್ಷ ಹಳೆಯ ದಾಸ್ತಾನನ್ನು ಕೊಳ್ಳುವುದು ಲಾಭದ ವ್ಯಾಪಾರವಲ್ಲ. ಐಎಸ್‌ಐ ಗುರುತು ಇರಲೇಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶ ಅದನ್ನು ಕಡ್ಡಾಯಗೊಳಿಸಿದೆ. ತಿರುಗುವ ದಿಕ್ಕನ್ನು ತೋರುವ ಬಾಣದ ಗುರುತಿದ್ದರೆ ಅದರಂತೆಯೇ ಜೋಡಿಸಬೇಕು.

ಹೆಚ್ಚು ಕಿಲೋಮೀಟರು ಬಾಳುವ ಟೈರಿನ ರಬ್ಬರು ಸಾಮಾನ್ಯವಾಗಿ ಗಡುಸು. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದು ತುಸು ಮೆದು, ಬೇಗ ಸವೆಯುವಂಥದ್ದು. ಬಯಲುಸೀಮೆಯ ನೇರ ರಸ್ತೆಗೆ ಮೊದಲನೆಯದು ಸಾಕು. ವರ್ಷದಲ್ಲಿ ನಾಲ್ಕೈದು ತಿಂಗಳು ರಸ್ತೆ ಒದ್ದೆಯಾಗಿರುವ ಸೀಮೆಯಲ್ಲಿ ಹಿಡಿತಕ್ಕೇ ಆದ್ಯತೆ ಸಲ್ಲಬೇಕು. ರಿಮ್ಮು ಹೊಂದುವಂತಿದ್ದರೆ ಟ್ಯೂಬ್‌ಲೆಸ್ ಟೈರು ಕಾಡುದಾರಿಗೆ ಒಳ್ಳೆಯದು. ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗದೆ ನಿಧಾನವಾಗಿ ಸೋರುವುದರಿಂದ ಮುಂದಿನ ಪಂಕ್ಚರ್ ಅಂಗಡಿಯವರೆಗೆ ತಲುಪುವ ಅವಕಾಶ ಇರುತ್ತದೆ. ಟೈರಿನ ಜೊತೆಗೆ ವಾಲ್ವನ್ನೂ ಬದಲಿಸುವುದು ಲೇಸು.

ಇನ್ನು ಗಾಳಿ. ಕಡಿಮೆ ಗಾಳಿಯಿದ್ದರೆ ಟೈರಿನ ಅಂಚು ಸವೆಯುತ್ತದೆ, ಪೆಟ್ರೋಲು ಹೆಚ್ಚು ಸುಡುತ್ತದೆ. ಹೆಚ್ಚಾದರೆ ನಡು ಸವೆಯುತ್ತದೆ, ಹಿಡಿತ ತಗ್ಗುತ್ತದೆ. ಸ್ಕೂಟರಿನ ಚೀಟಿಯಲ್ಲಿ ಬರೆದಿರುವ ಒತ್ತಡವನ್ನು ವಾರ ಎರಡು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಪರೀಕ್ಷಿಸಿದರೆ ಟೈರಿನ ಆಯುಷ್ಯ ತಾನಾಗಿ ಹೆಚ್ಚುತ್ತದೆ. ಮಾಪಕವಿರುವ ಒಂದು ಕೈಪಂಪನ್ನು ಸ್ವಸಹಾಯ ಸಂಘವೊಂದು ಕೊಂಡಿಟ್ಟರೆ ಇಡೀ ಕೇರಿಗೆ ಸಾಕಾದೀತು.

ಸವೆದದ್ದು ಎಲ್ಲಿಗೆ ಹೋಯಿತು?

ಟೈರಿನಲ್ಲಿರುವುದು ಸುಳ್ಯ, ಪುತ್ತೂರಿನಂಥ ಕಡೆಯ ತೋಟಗಳಲ್ಲಿ ಇಳಿಸಿದ ರಬ್ಬರ್ ಹಾಲು ಮಾತ್ರವಲ್ಲ. ಪೆಟ್ರೋಲಿಯಂ ಮೂಲದ ಕೃತಕ ರಬ್ಬರು, ಮಸಿ, ಗಂಧಕ, ಸತುವಿನ ಆಕ್ಸೈಡು ಮತ್ತು ಬಿರುಕು ತಡೆಯುವ ರಾಸಾಯನಿಕಗಳೂ ಇವೆ. ಸವೆದ ಕಣಗಳು ಮೊದಲ ಮಳೆಗೆ ಚರಂಡಿ ಸೇರಿ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆಯ ನಂತರ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಟೈರಿನ ಇಂಥದೊಂದು ರಾಸಾಯನಿಕದಿಂದ ಹುಟ್ಟುವ ವಸ್ತುವೇ ಕಾರಣವೆಂದು 2020ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ ಹೊಳೆಗಳ ಮೀನುಗಳು ಬೇರೆ ಜಾತಿಯವು. ಆದರೂ ಅನಗತ್ಯ ಓಡಾಟ ಕಡಿಮೆ ಮಾಡಬೇಕೆನ್ನುವ ವಾದಕ್ಕೆ ಹೊಗೆಯ ಜೊತೆಗೆ ಟೈರಿನ ಪುಡಿಯನ್ನೂ ಸೇರಿಸಿಕೊಳ್ಳಬೇಕೆಂಬ ಪಾಠ ಎಲ್ಲರಿಗೂ ಒಂದೇ.

ಉಳಿದ ಟೈರಿನದು ಇನ್ನೂ ದೊಡ್ಡ ಸಮಸ್ಯೆ. ಗಂಧಕ ಸೇರಿಸಿ ಕಾಯಿಸಿದ ರಬ್ಬರು ಗಟ್ಟಿಯಾಗಿ ಬಾಳುತ್ತದೆಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಹೀಗೆ ಬೆಸೆದ ರಬ್ಬರನ್ನು ಮೇಣದಂತೆ ಕರಗಿಸಿ ಮತ್ತೆ ಎರಕ ಹೊಯ್ಯಲು ಬರುವುದಿಲ್ಲ. ಮಣ್ಣಿನಲ್ಲಿ ಬೇಗ ಕೊಳೆಯುವುದೂ ಇಲ್ಲ. ಕೊಟ್ಟಿಗೆಯ ಹಿಂದೆ ಎಸೆದ ಟೈರು ಹೇಗೆ ಬಿದ್ದರೂ ಒಳಗೆ ನೀರು ನಿಲ್ಲುತ್ತದೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಅದರ ಮೊಟ್ಟೆಗಳು ನೀರು ಆರಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ಎತ್ತಿ ಹಾಕುವ ಕೃಷಿಕರು ಟೈರನ್ನು ಮರೆಯುವುದು ಸೋಜಿಗ. ಸುಟ್ಟರೆ ಗಂಧಕದ ಡೈಆಕ್ಸೈಡು ಮತ್ತು ಕ್ಯಾನ್ಸರ್‌ಕಾರಕ ವಸ್ತುಗಳು ಹೊಗೆಯಲ್ಲಿ ಸೇರುತ್ತವೆ, ಸತುವಿನ ಬೂದಿ ನೆಲಕ್ಕಿಳಿಯುತ್ತದೆ. ಪ್ರತಿಭಟನೆಗಳಲ್ಲಿ ಟೈರು ಸುಡುವ ಪದ್ಧತಿಯನ್ನು ಪರಿಸರ ಸಂಘಟನೆಗಳಾದರೂ ಖಂಡಿಸಬೇಕು.

ಕಾನೂನು ಈಗ ಗ್ರಾಹಕರ ಪರವಾಗಿದೆ. 2022ರ ಜುಲೈಯಲ್ಲಿ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ತಂದ ತಿದ್ದುಪಡಿ, ಹಳೆಯ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರು ಮತ್ತು ಆಮದುದಾರರ ಮೇಲೆ ಹೊರಿಸಿದೆ. ಆದರೆ ಆ ಹೊಣೆ ಪೇಟೆಯಿಂದ ಘಾಟಿ ಹತ್ತಿ ಹಳ್ಳಿಗೆ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಹೊಸ ಟೈರು ಹಾಕಿಸಿದ ಅಂಗಡಿಯಲ್ಲೇ ಹಳೆಯದನ್ನು ಬಿಟ್ಟುಬರುವುದು ಮೊದಲ ಹೆಜ್ಜೆ. ಈಗಾಗಲೇ ಮನೆಗಳಲ್ಲಿ ಬಿದ್ದಿರುವುದನ್ನು ಮಳೆಗಾಲಕ್ಕೆ ಮುನ್ನ ಸಂಗ್ರಹಿಸಿ, ಸೂರಿನಡಿ ಒಣದಾಗಿ ಇಟ್ಟು, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವಂತೆ ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಶಾಲಾ ಕಾಲೇಜುಗಳ ಪರಿಸರ ಸಂಘಗಳು ಮನೆಮನೆಯ ಲೆಕ್ಕ ತೆಗೆದರೆ ಪಂಚಾಯಿತಿಗೆ ನೆಪ ಹೇಳಲು ಅವಕಾಶವಿರದು. ಬರುವ ಮೇ ತಿಂಗಳ ಗ್ರಾಮಸಭೆಯಿಂದಲೇ ಈ ಕೆಲಸ ಆರಂಭವಾಗಲಿ.