‘ಬಿಸ್ತ್ರೋ’ ಶಬ್ದವೂ ಕಾಕತಾಳೀಯನ್ಯಾಯವೂ



ಪ್ಯಾರಿಸಿನ ಆಡುಮಾತಿನಲ್ಲಿ ಸಣ್ಣ ಪಾನಗೃಹಕ್ಕೆ ‘ಬಿಸ್ತ್ರೋ’ ಎಂಬ ಹೆಸರುಂಟಷ್ಟೆ. ೧೮೧೪ನೆಯ ಇಸವಿಯಲ್ಲಿ ಆ ನಗರವನ್ನು ಹೊಕ್ಕ ರಷ್ಯದ ಕೊಸಾಕ್ ಸವಾರರು, ಮದ್ಯವನ್ನು ಬೇಗ ತರಹೇಳಿ, ತಮ್ಮ ಭಾಷೆಯಲ್ಲಿ ‘ಬೀಸ್ತ್ರ’ ಎಂದು ಕೂಗಿದರಂತೆ. ಆ ಕೂಗೇ ಅಂಗಡಿಗೆ ಹೆಸರಾಯಿತಂತೆ! ಮೋಂಮಾರ್ತ್ರ ಗುಡ್ಡದ ಭೋಜನಶಾಲೆಯೊಂದರ ಗೋಡೆಯಲ್ಲಿ ಇದನ್ನು ಸಾರುವ ಫಲಕವೂ ಇದೆ. ಆ ಫಲಕವಾದರೋ ೧೮೦ನೆಯ ವಾರ್ಷಿಕೋತ್ಸವದ ನೆನಪಿನದು. ಗೋಡೆಗೆ ಬಡಿದ ಮಾತ್ರಕ್ಕೆ ಕಥೆಯು ಪ್ರಮಾಣವಾದೀತೇ?

ಶಬ್ದವು ಬರಹದಲ್ಲಿ ಮೊದಲು ಕಾಣುವುದು ೧೮೮೪ರಲ್ಲಿ. ನಡುವಣ ಎಪ್ಪತ್ತು ವರ್ಷ ಅದು ಎಲ್ಲಿ ಅಡಗಿತ್ತು? ಆಡುಮಾತು ಲೇಖನಿಗೆ ತಡವಾಗಿ ಸಿಕ್ಕುವುದೆಂದು ಸಮಾಧಾನ ಹೇಳುವರು. ಆಗಲಿ. ಆದರೆ ಅರ್ಥವನ್ನು ಮುಂದಿಟ್ಟುಕೊಂಡೇ ಪದವನ್ನು ಪರೀಕ್ಷಿಸಬೇಕೆಂದು ಯಾಸ್ಕರ ನಿರುಕ್ತವು ವಿಧಿಸುತ್ತದೆ. ‘ಬಿಸ್ತ್ರೋ’ ಎಂದರೆ ಮೊದಲು ಮದ್ಯ ಮಾರುವವನು. ಅಂಗಡಿಯೆಂಬ ಅರ್ಥ ಆಮೇಲಿನದು. ‘ಬೇಗ’ ಎಂಬರ್ಥದ ನೆರಳೂ ಅದರಲ್ಲಿಲ್ಲ! ಸ್ವರಭಾರವೂ ಹೊಂದದು: ರಷ್ಯನ್ನರದು ಮೊದಲಕ್ಷರದ ಮೇಲೆ, ಫ್ರೆಂಚರದು ಕೊನೆಯದರ ಮೇಲೆ.

ಪ್ವಾತು ಸೀಮೆಯಲ್ಲಿ ಆಳುಮಗನಿಗಿದ್ದ ಇಂಥದೇ ಹೆಸರನ್ನೂ, ಮದ್ಯ ಬೆರೆಸಿದ ಕಾಫಿಗೆ ಉತ್ತರ ಫ್ರಾನ್ಸಿನಲ್ಲಿರುವ ‘ಬಿಸ್ತೂಯ್’ ಎಂಬ ಹೆಸರನ್ನೂ ಪಂಡಿತರು ಸೂಚಿಸಿರುವರು. ಯಾವುದೂ ಸಿದ್ಧಾಂತವಾಗಿಲ್ಲ.

ನಾನೂ ಉಪಾಧ್ಯಾಯನಾಗಿದ್ದಾಗ ಕೊಸಾಕರ ಕಥೆಯನ್ನು ಹೇಳಿ ಹುಡುಗರನ್ನು ನಗಿಸಿದವನೇ. ಅವರಲ್ಲಿ ಎಷ್ಟು ಮಂದಿ ಅದನ್ನು ತಮ್ಮ ಮಕ್ಕಳಿಗೆ ದಾಟಿಸಿರುವರೋ! ಮೂಲವು ತಿಳಿಯದೆಂದು ಒಪ್ಪುವುದು ಅಧ್ಯಾಪಕನಿಗೆ ಅಪಮಾನವಲ್ಲ. ಕಾಗೆ ಕುಳಿತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟುಹಾಕಿ, ಅದನ್ನು ವಿದ್ಯೆಯೆಂದು ಕಲಿಸುವುದೇ ಅಪಮಾನ.