ಎಮ್ಮೆಗೆ ಬರೆ ಎಳೆದರೆ ಎತ್ತಿನ ಜ್ವರ ಇಳಿಯದು

ಗಿರಣಿಗೆ ಆಳು ಸೇರಿಸುವವನನ್ನು ಬೈಯುವುದು ಸುಲಭ. ಹೇಳಿದ ಮಜೂರಿ ಕೈಗೆ ಬಾರದಿದ್ದರೆ ಕೂಲಿಕಾರನು ಮೊದಲು ಹಿಡಿಯುವುದು ಅವನ ಕೊರಳಪಟ್ಟಿಯನ್ನು. ತಂದ ಆಳು ತಿಂಗಳೊಳಗೆ ಬಿಟ್ಟುಹೋದರೆ ಮಾಲೀಕರು ಗದರಿಸುವುದೂ ಅವನನ್ನೇ. ಎರಡೂ ಕಡೆಯಿಂದ ಏಟು ತಿನ್ನುವ ಈ ಮನುಷ್ಯನ ವಿಚಾರವನ್ನು ಕಾರ್ಮಿಕ ಬಂಧುಗಳೂ ಚಿಕ್ಕ ವ್ಯಾಪಾರಿಗಳೂ ಸಮಾಧಾನದಿಂದ ಯೋಚಿಸಬೇಕೆಂದು ನಮ್ಮ ವಿನಂತಿ.

ಮುಂಬಯಿಯ ಬಟ್ಟೆ ಗಿರಣಿಗಳ ಚರಿತ್ರೆ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಆಳು ಸೇರಿಸುವವನು ಜಾಬರ, ಕೆಲಸ ಮಾಡಿಸುವವನು ಜಾಬರ, ತೆಗೆದುಹಾಕಿಸುವವನೂ ಜಾಬರ. ಅವನು ದಸ್ತೂರಿ ತಿನ್ನುತ್ತಿದ್ದನೆಂಬುದು ನಿಜ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅವನಿಗೆ ಅಷ್ಟು ಅಧಿಕಾರ ಬಂದದ್ದೆಲ್ಲಿಂದ? ಗಿರಣಿ ನಡೆಸುತ್ತಿದ್ದವರು ಮ್ಯಾನೇಜಿಂಗ್ ಏಜೆಂಟರು. ಮೊದಮೊದಲು ಅವರ ಕಮಿಷನ್ನು ತಯಾರಾದ ಮಾಲಿನ ಪೌಂಡಿಗೆ ಕಾಲಾಣೆ. ಕಂಪನಿಗೆ ಲಾಭವಾಗಲಿ, ನಷ್ಟವಾಗಲಿ, ಅವರ ಕಾಲಾಣೆ ಅವರಿಗೆ ಸಲ್ಲುತ್ತಿತ್ತು. ಇಂಥ ಧಣಿಗಳಿಗೆ ಕೂಲಿಕಾರನ ಕಷ್ಟಸುಖ ಏಕೆ ಬೇಕು? ಆ ಹೊರೆಯನ್ನೆಲ್ಲ ಜಾಬರನ ತಲೆಗೆ ಕಟ್ಟಿದರು. ಗಿರಾಕಿ ಇದ್ದಾಗ ಆಳು ತಾ ಎಂದರು. ಮಾಲು ಉಳಿದಾಗ ಓಡಿಸು ಎಂದರು. ತನ್ನ ಆಳು ಚದರದಿರಲೆಂದು ಅವನೋ ಸಾಲ ಕೊಡಿಸಬೇಕು, ದಿನಸಿ ಅಂಗಡಿಯಲ್ಲಿ ಜಾಮೀನು ನಿಲ್ಲಬೇಕು.

1929ರಲ್ಲಿ ನೇಮಕವಾದ ವ್ಹಿಟ್ಲೆ ಆಯೋಗದಲ್ಲಿ ನಮ್ಮ ಎನ್. ಎಂ. ಜೋಶಿಯವರೂ ಸದಸ್ಯರಾಗಿದ್ದರು. ಆಳನ್ನು ಸೇರಿಸುವ, ತೆಗೆಯುವ ಅಧಿಕಾರ ಜಾಬರನ ಕೈಯಲ್ಲಿರಕೂಡದು, ಲೇಬರ್ ಆಫೀಸರರನ್ನು ನೇಮಿಸಬೇಕು ಎಂದು ಅದು 1931ರಲ್ಲಿ ವರದಿ ಕೊಟ್ಟಿತು. 1935ರಲ್ಲಿ ಮುಂಬಯಿ ಗಿರಣಿಗಳಲ್ಲಿ ಬದಲಿ ಕಾರ್ಮಿಕರಿಗೆ ಕಾರ್ಡು ಕೊಡುವ ಪದ್ಧತಿ ಬಂತು. 1970ರಲ್ಲಿ ಮ್ಯಾನೇಜಿಂಗ್ ಏಜೆನ್ಸಿಯೇ ರದ್ದಾಯಿತು. ಹೆಸರುಗಳು ಹೋದವು; ರೋಗ ಹೋಯಿತೇ?

ಇಂದು ಜಾಬರನ ಜಾಗದಲ್ಲಿ ಗುತ್ತಿಗೆದಾರನ ಏಜೆಂಟನಿದ್ದಾನೆ, ಎಚ್. ಆರ್. ಎಂಬ ಬಿಲ್ಲೆ ತೊಟ್ಟ ಸಂಬಳದಾಳು ಇದ್ದಾನೆ. ನಾಳೆಯೇ 20 ಮಂದಿ ಬೇಕೆಂದು ಅಪ್ಪಣೆಯಾಗುತ್ತದೆ. ಮಜೂರಿ ಎಷ್ಟು, ಓಟಿ ಎಷ್ಟು, ಕೆಲಸ ಎಷ್ಟು ತಿಂಗಳು, ಒಂದೂ ಕಾಗದದ ಮೇಲಿರುವುದಿಲ್ಲ. ಅವನು ತನ್ನೂರಿನವರಿಗೆ, ತನ್ನ ನೆಂಟರಿಗೆ ಬಾಯಿಮಾತು ಕೊಟ್ಟು ಕರೆತರುತ್ತಾನೆ. ತಿಂಗಳ ಕೊನೆಗೆ ಮಾತು ತಪ್ಪಿದವರು ಮಾಲೀಕರು. ಊರಿನಲ್ಲಿ ಮುಖ ಎತ್ತಲಾಗದವನು ಇವನು. ಆಳು ಏಕೆ ನಿಲ್ಲುತ್ತಿಲ್ಲವೆಂದು ಆಡಳಿತವರ್ಗ ವಿಚಾರಿಸುವುದಿಲ್ಲ. ಇನ್ನೂ 20 ತಾ ಎನ್ನುತ್ತದೆ. ಕೊಡದ ತೂತು ಮುಚ್ಚದೆ, ನೀರು ಹೊಯ್ಯುವವನನ್ನು ಬೈದರೆ ಕೊಡ ತುಂಬೀತೇ?

ಅಂಗಡಿಕಾರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಮೂರು ತಿಂಗಳಿಗೊಮ್ಮೆ ಆಳು ಬದಲಾಗುವ ಊರಿನಲ್ಲಿ ಉದ್ರಿ ಪುಸ್ತಕದ ಬಾಕಿ ಯಾರಿಂದ ವಸೂಲಾಗಬೇಕು?

ಗುತ್ತಿಗೆದಾರ ಕೊಡದ ಮಜೂರಿಗೆ ಮೂಲ ಮಾಲೀಕನೇ ಹೊಣೆಯೆಂದು 1970ರ ಗುತ್ತಿಗೆ ಕಾರ್ಮಿಕ ಕಾನೂನು ಹೇಳಿತ್ತು. 20 ಆಳಿದ್ದರೆ ಸಾಕು, ಆ ಕಾನೂನು ಅನ್ವಯವಾಗುತ್ತಿತ್ತು. 2020ರ ಸಂಹಿತೆ ಹೊಣೆಯನ್ನು ಉಳಿಸಿತು, ಆದರೆ ಸಂಖ್ಯೆಯನ್ನು 50ಕ್ಕೆ ಏರಿಸಿತು. 49 ಗುತ್ತಿಗೆ ಆಳುಗಳಿಗೆ ಆ ರಕ್ಷಣೆ ತಪ್ಪಿತು! ಆದರೂ ನೌಕರನಿಗೆ ನೇಮಕ ಪತ್ರ ಕೊಡಬೇಕೆಂದು ಅದೇ ಸಂಹಿತೆ ಹೇಳುತ್ತದೆ. ನಾವು ಹಿಡಿಯಬೇಕಾದ ಹಿಡಿ ಅದು.

ಆಳು ಸೇರಿಸುವ ಗೆಳೆಯರಿಗೆ ನಮ್ಮ ಮಾತಿಷ್ಟೆ: ಮಾಲೀಕರು ಬರೆದುಕೊಡದ ಮಾತನ್ನು ನೀವು ಬಾಯಲ್ಲಿ ಕೊಡಬೇಡಿ. ಒಬ್ಬನೇ ಹೀಗೆಂದರೆ ಅವನ ಕೆಲಸ ಹೋದೀತು; ಆದ್ದರಿಂದ ಸಂಘಕ್ಕೆ ಬನ್ನಿ. ದಸ್ತೂರಿ ತಿನ್ನುವವನಿಗೆ ಅಲ್ಲಿ ಜಾಗವಿಲ್ಲ, ಸಂಬಳಕ್ಕೆ ದುಡಿಯುವವನಿಗೆ ಇದೆ. ಕಾರ್ಮಿಕ ಬಂಧುಗಳೂ ಕೊರಳಪಟ್ಟಿ ಬಿಟ್ಟು, ಅವನನ್ನು ಜೊತೆಗೆ ಕರೆದುಕೊಂಡು ಆಫೀಸಿನ ಬಾಗಿಲಿಗೆ ನಡೆಯಲಿ. ಮಾತು ಹುಟ್ಟಿದ್ದು ಅಲ್ಲಿ. ಲೆಕ್ಕ ಕೇಳಬೇಕಾದದ್ದೂ ಅಲ್ಲಿಯೇ.